ಬಾಣ ಮೊದಲು, ಅಂಕಿ ಆಮೇಲೆ: ಸೋಂಕುರೋಗದ ಗಣಿತ ಮಾದರಿಯನ್ನು ನೀವೇ ಕಟ್ಟುವ ಬಗೆ

1978ರ ಜನವರಿ 22. ಇಂಗ್ಲೆಂಡಿನ ಒಂದು ಹುಡುಗರ ವಸತಿ ಶಾಲೆಯಲ್ಲಿ ಜ್ವರ ಬಂದು ಮಲಗಿದವರು 3 ಜನ. ಮರುದಿನ 8. ಅದರ ಮರುದಿನ 26. ಆಮೇಲೆ 76, 225, 298. ಅಲ್ಲಿಂದ ಇಳಿಮುಖ: 258, 233, 189, 128, 68, 29, 14. ಫೆಬ್ರವರಿ 4ಕ್ಕೆ ಹಾಸಿಗೆಯಲ್ಲಿ ಉಳಿದವರು ನಾಲ್ವರೇ. ಶಾಲೆಯಲ್ಲಿದ್ದ ಹುಡುಗರು ಒಟ್ಟು 763. ಆ ಎರಡು ವಾರದಲ್ಲಿ ಫ್ಲೂ ಹಿಡಿದು ಮಲಗಿದವರು 512.

ಇದು ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಆ ವರ್ಷವೇ ಬಂದ ಒಂದು ಪುಟ್ಟ ಟಿಪ್ಪಣಿಯ ಲೆಕ್ಕ. ಸೋಂಕುರೋಗದ ಗಣಿತ ಕಲಿಯುವವರಿಗೆ ಇದು ಬಾಲಪಾಠವಾಗಿಬಿಟ್ಟಿದೆ. ಟಿಪ್ಪಣಿಯಲ್ಲಿ ಇದ್ದದ್ದು ನಕ್ಷೆ. ಅದರಿಂದ ಅಂಕಿಗಳನ್ನು ಓದಿಕೊಂಡವರು ಬೇರೆ ಬೇರೆ ಜನ. ಹಾಗಾಗಿ ಬೇರೆ ಪುಸ್ತಕದಲ್ಲಿ 225ರ ಜಾಗದಲ್ಲಿ 222 ಕಂಡರೆ ಗಾಬರಿಯಾಗಬೇಡಿ. ನಾವೂ ಇದರಿಂದಲೇ ಶುರುಮಾಡೋಣ. ಕಾರಣ ಸರಳ: ಮುಚ್ಚಿದ ಕಾಂಪೌಂಡು, ಹೊರಗಿನವರು ಒಳಗೆ ಬರುವುದಿಲ್ಲ, ಒಳಗಿನವರು ಹೊರಗೆ ಹೋಗುವುದಿಲ್ಲ, ದಿನಕ್ಕೊಂದು ಎಣಿಕೆ. ಒಂದು ತಾಲ್ಲೂಕಿನ ಅಂಕಿಅಂಶ ಇಷ್ಟು ಚೊಕ್ಕಟವಾಗಿ ಯಾವತ್ತೂ ಸಿಗುವುದಿಲ್ಲ.

ಬೇಕಾದದ್ದು ಒಂದು ಹಾಳೆ, ಪೆನ್ಸಿಲ್, ಯಾವುದಾದರೂ ಸ್ಪ್ರೆಡ್‌ಶೀಟ್. ಪಿಯುಸಿಯ ಕ್ಯಾಲ್ಕುಲಸ್ ಮರೆತಿದ್ದರೆ ತೊಂದರೆಯಿಲ್ಲ. ಕೂಡುವುದು, ಕಳೆಯುವುದು, ಗುಣಿಸುವುದು ಬಂದರೆ ಸಾಕು.

ಹೆಜ್ಜೆ 1: ಡಬ್ಬ ಮತ್ತು ಬಾಣ

ಕಂಪ್ಯೂಟರ್ ಆಮೇಲೆ ತೆಗೆಯಿರಿ. ಹಾಳೆಯ ಮೇಲೆ ಮೂರು ಡಬ್ಬ ಬರೆಯಿರಿ. ಮೊದಲನೆಯದು ಎಸ್: ಇನ್ನೂ ಸೋಂಕು ತಗುಲದವರು, ತಗುಲಬಹುದಾದವರು. ಎರಡನೆಯದು ಐ: ಸೋಂಕು ಇರುವವರು, ಬೇರೆಯವರಿಗೆ ದಾಟಿಸುವವರು. ಮೂರನೆಯದು ಆರ್: ಗುಣವಾಗಿ ಆಟದಿಂದ ಹೊರಗೆ ಬಂದವರು. ಎಸ್‌ನಿಂದ ಐಗೆ ಒಂದು ಬಾಣ, ಐಯಿಂದ ಆರ್‌ಗೆ ಇನ್ನೊಂದು. ಇದೇ ಎಸ್‌ಐಆರ್ ಮಾದರಿ. (ಈಗ ಎಸ್‌ಐಆರ್ ಅಂದರೆ ಜನ ಮತದಾರರ ಪಟ್ಟಿಯ ಪರಿಷ್ಕರಣೆ ಅಂದುಕೊಳ್ಳುತ್ತಾರೆ, ಇದು ಅದಕ್ಕಿಂತ ಹಳೆಯದು.)

ಪ್ರತಿ ಬಾಣವೂ ಒಂದು ಹೇಳಿಕೆ. ಬರೆಯದೇ ಬಿಟ್ಟ ಬಾಣವೂ ಹೇಳಿಕೆಯೇ. ಆರ್‌ನಿಂದ ಎಸ್‌ಗೆ ವಾಪಸ್ ಬಾಣ ಹಾಕಲಿಲ್ಲ ಅಂದರೆ, ಒಮ್ಮೆ ಫ್ಲೂ ಬಂದುಹೋದವನಿಗೆ ಅದೇ ಎರಡು ವಾರದಲ್ಲಿ ಮತ್ತೆ ಬರುವುದಿಲ್ಲ ಎಂದು ಹೇಳಿದ ಹಾಗೆ. ಎಸ್ ಡಬ್ಬ ಒಂದೇ ಇದೆ ಅಂದರೆ, 763 ಹುಡುಗರೂ ಚಿತ್ರಾನ್ನದಲ್ಲಿ ಒಗ್ಗರಣೆ ಕಲೆತ ಹಾಗೆ ಪರಸ್ಪರ ಬೆರೆಯುತ್ತಾರೆ, ತರಗತಿ, ಮಲಗುವ ಕೋಣೆ ಎಂಬ ಭೇದ ಇಲ್ಲ ಎಂದ ಹಾಗೆ. ಇಂಥ ಒಂದೊಂದು ಹೇಳಿಕೆಯನ್ನೂ ಚಿತ್ರದ ಕೆಳಗೆ ಕನ್ನಡದಲ್ಲಿ ಬರೆದಿಡಿ. ಐದನೇ ಹೆಜ್ಜೆಗೆ ಈ ಹಾಳೆ ಬೇಕು, ಬಿಸಾಡಬೇಡಿ.

ಹೆಜ್ಜೆ 2: ಬಾಣಕ್ಕೆ ವೇಗ

ಐಯಿಂದ ಆರ್‌ಗೆ ಹೋಗುವ ಬಾಣದ ವೇಗ ಗ್ಯಾಮಾ. ಒಬ್ಬ ಹುಡುಗ ಸರಾಸರಿ ಎಷ್ಟು ದಿನ ಸೋಂಕು ಹರಡುತ್ತಾನೋ ಅದರಿಂದ 1ನ್ನು ಭಾಗಿಸಿದರೆ ಗ್ಯಾಮಾ. ಎರಡು ದಿನವಾದರೆ 0.5, ನಾಲ್ಕು ದಿನವಾದರೆ 0.25.

ಎಸ್‌ನಿಂದ ಐಗೆ ಹೋಗುವ ಬಾಣದ ವೇಗದಲ್ಲಿ ಬೀಟಾ ಇದೆ. ಸುತ್ತ ಇರುವವರೆಲ್ಲ ಸೋಂಕು ತಗುಲಬಹುದಾದವರೇ ಆಗಿದ್ದರೆ ಒಬ್ಬ ರೋಗಿ ದಿನಕ್ಕೆ ಎಷ್ಟು ಜನರಿಗೆ ದಾಟಿಸುತ್ತಾನೆ ಎಂಬುದು ಬೀಟಾ. ಆದರೆ ದಿನ ಕಳೆದಂತೆ ಅವನಿಗೆ ಎದುರಾಗುವವರಲ್ಲಿ ಹಲವರಿಗೆ ರೋಗ ಆಗಲೇ ಬಂದುಹೋಗಿರುತ್ತದೆ. ಅದಕ್ಕೇ ಎಸ್ ಭಾಗಿಸು 763 ಎಂಬ ಗುಣಕ.

ಹೊಸ ಸೋಂಕು = ಬೀಟಾ × ಎಸ್ × ಐ ÷ 763 × ಕಾಲದ ತುಣುಕು
ಚೇತರಿಕೆ = ಗ್ಯಾಮಾ × ಐ × ಕಾಲದ ತುಣುಕು

ಕಾಲದ ತುಣುಕು ಅಂದರೆ ಶೀಟಿನ ಒಂದು ಸಾಲಿನಿಂದ ಮುಂದಿನ ಸಾಲಿಗೆ ದಾಟುವ ಸಮಯ. ಇಡೀ ಯಂತ್ರ ಇಷ್ಟೇ. ಇದನ್ನು 1927ರಲ್ಲಿ ಪ್ರಬಂಧವಾಗಿ ಕೊಟ್ಟವರು ಎಡಿನ್‌ಬರೋದ ಕರ್ಮ್ಯಾಕ್ ಮತ್ತು ಮೆಕೆಂಡ್ರಿಕ್. ಕರ್ಮ್ಯಾಕ್ 1924ರಲ್ಲಿ ಪ್ರಯೋಗಶಾಲೆಯ ಸ್ಫೋಟದಲ್ಲಿ ಕಣ್ಣು ಕಳೆದುಕೊಂಡ ರಸಾಯನವಿಜ್ಞಾನಿ. ಮೆಕೆಂಡ್ರಿಕ್ ಇಂಡಿಯನ್ ಮೆಡಿಕಲ್ ಸರ್ವಿಸ್‌ನಲ್ಲಿದ್ದು, ಕಸೌಲಿಯ ಪಾಸ್ಚರ್ ಸಂಸ್ಥೆಯಲ್ಲಿ ಕೆಲಸ ಮಾಡಿದ ವೈದ್ಯ. ಅವರ ಪ್ರಬಂಧದಲ್ಲಿ ಇದ್ದ ನಿಜ ಊರಿನ ಅಂಕಿ ನಮ್ಮ ಮುಂಬೈಯದು. ಅದಕ್ಕೆ ಆಮೇಲೆ ಬರುತ್ತೇನೆ.

ಹೆಜ್ಜೆ 3: ಶೀಟು ತುಂಬುವುದು

ಆರು ಕಾಲಂ ಮಾಡಿ: ಕಾಲ, ಎಸ್, ಐ, ಆರ್, ಹೊಸ ಸೋಂಕು, ಚೇತರಿಕೆ. ಮೊದಲ ಸಾಲು: ಕಾಲ 0, ಎಸ್ 760, ಐ 3, ಆರ್ 0. ಬೀಟಾ 1.66, ಗ್ಯಾಮಾ 0.44 ಎಂದು ಪಕ್ಕದಲ್ಲಿ ಪ್ರತ್ಯೇಕ ಕೋಶಗಳಲ್ಲಿ ಬರೆದು ಸೂತ್ರದಲ್ಲಿ ಅವನ್ನೇ ಹಿಡಿಯಿರಿ. ನಾಳೆ ಬದಲಿಸುವಾಗ ಒಂದೇ ಕಡೆ ಬದಲಿಸಿದರೆ ಸಾಕು. ಕಾಲದ ತುಣುಕು ಕಾಲು ದಿನ, ಅಂದರೆ 0.25.

ಮೊದಲ ಸಾಲಿನ ಹೊಸ ಸೋಂಕು: 1.66 × 760 × 3 ÷ 763 × 0.25 = 1.24. ಚೇತರಿಕೆ: 0.44 × 3 × 0.25 = 0.33. ಹೊಸ ಸೋಂಕನ್ನು ಎಸ್‌ನಿಂದ ಕಳೆದು ಐಗೆ ಕೂಡಿಸಿ, ಚೇತರಿಕೆಯನ್ನು ಐಯಿಂದ ಕಳೆದು ಆರ್‌ಗೆ ಕೂಡಿಸಿ. ಹಾಗಾದರೆ ಎರಡನೇ ಸಾಲಿನಲ್ಲಿ ಎಸ್ 758.76, ಐ 3.91, ಆರ್ 0.33. ಮುಕ್ಕಾಲು ಹುಡುಗ, ಕಾಲು ಹುಡುಗ ಎಂದು ನಗಬೇಡಿ, ಇದು ಸರಾಸರಿಯ ಲೆಕ್ಕ. ಇದೇ ಸೂತ್ರವನ್ನು ಕೆಳಕ್ಕೆ ಎಳೆದರೆ ಒಂದು ದಿನದ ಕೊನೆಗೆ ಐ 8.6, ಎರಡು ದಿನಕ್ಕೆ 24.3, ಮೂರಕ್ಕೆ 64.9, ಐದಕ್ಕೆ 262, ಆರಕ್ಕೆ 309, ಎಂಟಕ್ಕೆ 199 ಬರಬೇಕು. ಬರದಿದ್ದರೆ ಎಲ್ಲೋ ಕೋಶ ಜಾರಿದೆ.

ತಪ್ಪು ಹಿಡಿಯಲು ಒಂದು ಕಾವಲು ಕಾಲಂ ಇಡಿ: ಎಸ್ + ಐ + ಆರ್. ಪ್ರತಿ ಸಾಲಿನಲ್ಲೂ 763 ಬರಲೇಬೇಕು. ಹುಡುಗರು ಹುಟ್ಟುವುದೂ ಇಲ್ಲ, ಮಾಯವಾಗುವುದೂ ಇಲ್ಲ.

ಕಾಲು ದಿನ ಯಾಕೆ, ಒಂದೇ ದಿನದ ತುಣುಕು ಸಾಲದೇ? ನಾನು ಮೊದಲ ಸಲ ಮಾಡಿದಾಗ ಹಾಗೇ ಮಾಡಿದ್ದೆ. ಮೂರನೇ ದಿನಕ್ಕೆ 76 ಬರಬೇಕಾದಲ್ಲಿ 32 ಬಂತು. ಪುಸ್ತಕದ ಬೀಟಾವೇ ತಪ್ಪು ಎಂದು ಎರಡು ದಿನ ತಲೆ ಕೆಡಿಸಿಕೊಂಡೆ. ಬೆಳಿಗ್ಗೆ ಸೋಂಕು ತಗುಲಿದವನು ಅದೇ ಸಂಜೆ ಇನ್ನೊಬ್ಬನಿಗೆ ದಾಟಿಸುತ್ತಾನೆ ಎನ್ನುವುದು ದಿನದ ತುಣುಕಿಗೆ ಕಾಣುವುದೇ ಇಲ್ಲ. ಚಕ್ರಬಡ್ಡಿಯನ್ನು ವರ್ಷಕ್ಕೊಮ್ಮೆ ಲೆಕ್ಕ ಹಾಕಿದ ಹಾಗೆ. ತುಣುಕನ್ನು ಅರ್ಧ ಮಾಡಿ ನೋಡಿ. ಉತ್ತರ ಹೆಚ್ಚು ಬದಲಾಗದಿದ್ದರೆ ಆ ತುಣುಕು ಸಾಕು.

ಹೆಜ್ಜೆ 4: ಅಂಕಿಗೆ ಹೊಂದಿಸುವುದು

1.66, 0.44 ಆಕಾಶದಿಂದ ಉದುರಿದ್ದಲ್ಲ. ಮೊದಲ ದಿನಗಳಲ್ಲಿ 3, 8, 26, 76 ಎಂದು ದಿನಕ್ಕೆ ಸುಮಾರು ಮೂರು ಪಟ್ಟು ಏರಿಕೆ ಇದೆ. 76ನ್ನು 3ರಿಂದ ಭಾಗಿಸಿ, ನ್ಯಾಚುರಲ್ ಲಾಗ್ ತೆಗೆದು (ಸ್ಪ್ರೆಡ್‌ಶೀಟಿನ LN ಸೂತ್ರ ಇದನ್ನು ಮಾಡಿಕೊಡುತ್ತದೆ), 3 ದಿನದಿಂದ ಭಾಗಿಸಿದರೆ 1.08. ಶುರುವಿನಲ್ಲಿ ಏರಿಕೆಯ ದರ ಬೀಟಾ ಕಳೆ ಗ್ಯಾಮಾ. ಗ್ಯಾಮಾ ಅರ್ಧದ ಹತ್ತಿರ ಇದ್ದರೆ ಬೀಟಾ ಒಂದೂವರೆಯ ಆಸುಪಾಸು. ಅಲ್ಲಿಂದ ಆಚೆ ಈಚೆ ಸರಿಸಿ ನೋಡಬೇಕು.

ದಿನದಿನದ ನಿಜ ಎಣಿಕೆಯನ್ನು ಪಕ್ಕದ ಕಾಲಂನಲ್ಲಿ ಹಾಕಿ, ಮಾದರಿಯ ಐ ಜೊತೆ ಕಳೆದು, ವರ್ಗ ಮಾಡಿ, ಎಲ್ಲ ಕೂಡಿಸಿ. ಆ ಮೊತ್ತ ಅತಿ ಕಡಿಮೆಯಾಗುವ ಬೀಟಾ, ಗ್ಯಾಮಾ ಬೇಕು. ಎಕ್ಸೆಲ್, ಲಿಬ್ರೆ ಆಫೀಸ್ ಎರಡರಲ್ಲೂ ಸಾಲ್ವರ್ ಎಂಬ ಸಾಧನ ಇದನ್ನು ಮಾಡಿಕೊಡುತ್ತದೆ. ಆದರೆ ಮೊದಲು ಕೈಯಿಂದಲೇ ಹತ್ತಾರು ಸಲ ಬದಲಿಸಿ ನೋಡಿ. ಬೀಟಾ ಏರಿಸಿದರೆ ಶಿಖರ ಎಡಕ್ಕೆ ಓಡುವುದು, ಗ್ಯಾಮಾ ಇಳಿಸಿದರೆ ಬಾಲ ಉದ್ದವಾಗುವುದು ಕಣ್ಣಿಗೆ ಕೂರಬೇಕು.

ಈಗ ಈ ಮಾದರಿಗೆ ಪ್ರಶ್ನೆ ಕೇಳಬಹುದು. ಬೀಟಾ ಭಾಗಿಸು ಗ್ಯಾಮಾ 3.77. ಇದೇ ಕೋವಿಡ್ ಕಾಲದಲ್ಲಿ ಟಿವಿಯವರ ಬಾಯಲ್ಲಿ ಓಡಾಡಿದ ಆರ್‌ನಾಟ್: ಸುತ್ತ ಇರುವವರೆಲ್ಲ ಸೋಂಕು ತಗುಲಬಹುದಾದವರೇ ಆಗಿದ್ದರೆ ಒಬ್ಬ ರೋಗಿ ಗುಣವಾಗುವ ಮುಂಚೆ ಸರಾಸರಿ ಎಷ್ಟು ಜನರಿಗೆ ದಾಟಿಸುತ್ತಾನೆ ಎಂಬ ಸಂಖ್ಯೆ. 763ನ್ನು ಅದರಿಂದ ಭಾಗಿಸಿದರೆ 202: ಎಸ್ ಡಬ್ಬದಲ್ಲಿ ಇಷ್ಟು ಜನ ಉಳಿದ ಹೊತ್ತಿಗೆ ಏರಿಕೆ ನಿಲ್ಲುತ್ತದೆ. ನಿಮ್ಮ ಶೀಟಿನಲ್ಲಿ ಶಿಖರದ ಸಾಲು ಹುಡುಕಿ, ಎಸ್ 213ರಿಂದ 177ಕ್ಕೆ ಇಳಿಯುವ ಜಾಗ ಅದು. ಅಂದಮೇಲೆ ಮುಂಚೆಯೇ ನೂರಕ್ಕೆ 73.5 ಹುಡುಗರಿಗೆ ರೋಗನಿರೋಧಕ ಶಕ್ತಿ ಇದ್ದಿದ್ದರೆ ಈ ಅಲೆ ಏಳುತ್ತಲೇ ಇರಲಿಲ್ಲ. ದಡಾರ, ಪೋಲಿಯೊ ಲಸಿಕೆಯ ಗುರಿ ಹಾಕುವ ಲೆಕ್ಕದ ಬುಡ ಇದೇ.

ಹೆಜ್ಜೆ 5: ಗೆರೆ ಕೂತಿತು, ಈಗ ಅನುಮಾನಪಡಿ

ಹೆಚ್ಚಿನ ಪಾಠಗಳು ನಾಲ್ಕನೇ ಹೆಜ್ಜೆಗೆ ನಿಲ್ಲುತ್ತವೆ. ನನ್ನ ಮಟ್ಟಿಗೆ ಕೆಲಸ ಶುರುವಾಗುವುದೇ ಇಲ್ಲಿಂದ.

ನಕ್ಷೆಯಲ್ಲಿ ಮಾದರಿಯ ಗೆರೆಯೂ ನಿಜದ ಚುಕ್ಕೆಗಳೂ ಚೆಂದವಾಗಿ ಹೊಂದುತ್ತವೆ. ನಾಲ್ಕನೇ ದಿನ 225ರ ಜಾಗಕ್ಕೆ 151 ಬರುವಂಥ ಕೊರತೆ ಇದ್ದರೂ ಒಟ್ಟಾರೆ ಆಕಾರ ಸರಿ. ಈಗ ಶೀಟಿನ ಕೊನೆಯ ಸಾಲಿಗೆ ಹೋಗಿ. ಎಸ್‌ನಲ್ಲಿ ಉಳಿದವರು ಇಪ್ಪತ್ತಕ್ಕಿಂತ ಕಡಿಮೆ. ಅಂದರೆ ಮಾದರಿಯ ಪ್ರಕಾರ ಸೋಂಕು ತಗುಲಿದವರು 740ಕ್ಕೂ ಹೆಚ್ಚು. ಹಾಸಿಗೆ ಹಿಡಿದವರು ನಿಜವಾಗಿ 512. ಇನ್ನೂರಕ್ಕೂ ಮಿಕ್ಕಿ ಹುಡುಗರ ಲೆಕ್ಕ ತಾಳೆಯಾಗುತ್ತಿಲ್ಲ!

ಇನ್ನೊಂದು ಲೆಕ್ಕ ಮಾಡಿ. ಹದಿನಾಲ್ಕು ದಿನದ ಎಣಿಕೆಯನ್ನೂ ಕೂಡಿಸಿ: 1,559. ಇದು ಹಾಸಿಗೆ-ದಿನಗಳ ಮೊತ್ತ. 512ರಿಂದ ಭಾಗಿಸಿದರೆ ತಲೆಗೆ ಸುಮಾರು 3 ದಿನ. ನಾವು ಹಾಕಿದ ಗ್ಯಾಮಾ 0.44 ಹೇಳುವುದು 2.3 ದಿನ. ವರದಿ ಹೇಳುವಂತೆ ಹುಡುಗರು ತರಗತಿಯಿಂದ ದೂರ ಉಳಿದದ್ದು 3ರಿಂದ 7 ದಿನ. ಅಂದರೆ ಗ್ಯಾಮಾ ಎಂದು ನಾವು ಕರೆದದ್ದು ಯಾವುದರ ಅಳತೆ?

ಮೊದಲ ಹೆಜ್ಜೆಯ ಹಾಳೆ ತೆಗೆಯಿರಿ. ಐ ಡಬ್ಬದ ಹೆಸರು 'ಸೋಂಕು ದಾಟಿಸುವವರು'. ನಾವು ಅದಕ್ಕೆ ಹೋಲಿಸಿದ ಅಂಕಿ 'ಹಾಸಿಗೆಯಲ್ಲಿ ಇದ್ದವರು'. ಇವೆರಡೂ ಒಂದೇ ಅಲ್ಲ. ಜ್ವರ ಏರಿ ಮಲಗಿಸಿದ ಹುಡುಗ ಉಳಿದವರಿಂದ ದೂರವಾದ. ಅವನು ಹರಡಿದ್ದು ಬಹುಪಾಲು ಮಲಗುವ ಮೊದಲು, ಊಟದ ಮನೆಯಲ್ಲಿ, ಆಟದ ಬಯಲಲ್ಲಿ. ಜೊತೆಗೆ ಮೈ ಸ್ವಲ್ಪ ಬೆಚ್ಚಗಾಗಿಯೂ ಹಾಸಿಗೆ ಸೇರದೆ ಓಡಾಡಿದವರೂ ಇದ್ದಿರಬಹುದು.

ರಿಪೇರಿ ಹೀಗೆ: ನಾಲ್ಕನೇ ಡಬ್ಬ ಸೇರಿಸಿ. ಎಸ್‌ನಿಂದ ಐ, ಅಲ್ಲಿಂದ ಹಾಸಿಗೆ, ಹಾಸಿಗೆಯಿಂದ ಆರ್. ಹೊಸ ಸೋಂಕಿನ ಸೂತ್ರದಲ್ಲಿ ಐ ಮಾತ್ರ ಇರಲಿ, ಹಾಸಿಗೆಯವರು ಬೇಡ. ನಿಜದ ಅಂಕಿಯನ್ನು ಹಾಸಿಗೆ ಡಬ್ಬಕ್ಕೆ ಹೋಲಿಸಿ. ಹಾಸಿಗೆಯಿಂದ ಏಳುವ ದರವನ್ನು 1ರ ಮೂರನೇ ಒಂದು ಭಾಗಕ್ಕೆ ಕಟ್ಟಿಹಾಕಿ. ಬೇಕಿದ್ದರೆ ಐಯಿಂದ ನೇರ ಆರ್‌ಗೆ ಇನ್ನೊಂದು ಬಾಣ ಎಳೆದು 'ಮಲಗದೇ ಗುಣವಾದವರು' ಎಂದು ಬರೆಯಿರಿ. ಗೆರೆ ಮತ್ತೆ ಕೂರುತ್ತದೆ, ಆದರೆ ಬೀಟಾ, ಆರ್‌ನಾಟ್ ಬೇರೆ ಆಗುತ್ತವೆ. ಒಂದೇ ಚುಕ್ಕೆಗಳ ಮೇಲೆ ಎರಡು ಮಾದರಿ ಕೂತವು! ಗೆರೆ ಹೊಂದಿತು ಎಂಬುದೊಂದೇ ಕಾರಣಕ್ಕೆ ಆರ್‌ನಾಟ್ ಇಷ್ಟೇ ಎಂದು ಆಣೆ ಇಡಬಾರದು.

ಮುಂಬೈಯ ಕತೆಯೂ ಇದೇ. ಕರ್ಮ್ಯಾಕ್ ಮತ್ತು ಮೆಕೆಂಡ್ರಿಕ್ ತಮ್ಮ ಗೆರೆಯನ್ನು ಕೂರಿಸಿದ್ದು 1905ರ ಡಿಸೆಂಬರ್ ನಡುವಿನಿಂದ 1906ರ ಜುಲೈವರೆಗೆ ಅಲ್ಲಿ ಪ್ಲೇಗಿನಿಂದ ವಾರವಾರ ಸತ್ತವರ ಲೆಕ್ಕದ ಮೇಲೆ. ಎಷ್ಟು ಚೆನ್ನಾಗಿ ಕೂತಿತೆಂದರೆ ಆ ಚಿತ್ರ ಇಂದಿಗೂ ಪಠ್ಯಗಳಲ್ಲಿದೆ. ಆದರೆ ಗೆಡ್ಡೆ ಪ್ಲೇಗು ಮುಖ್ಯವಾಗಿ ಹರಡುವುದು ಇಲಿಯಿಂದ ಚಿಗಟಕ್ಕೆ, ಚಿಗಟದಿಂದ ಮನುಷ್ಯನಿಗೆ. ಮನುಷ್ಯನಿಂದ ಮನುಷ್ಯನಿಗೆ ಎಳೆದ ಬಾಣಕ್ಕೆ ಅಲ್ಲಿ ಆಧಾರ ಕಡಿಮೆ. ಅವರಿಗೂ ಇದು ಗೊತ್ತಿತ್ತು, ಇಲಿಯ ಮಾತು ಪ್ರಬಂಧದಲ್ಲೇ ಇದೆ. ಗೆರೆ ಮಾತ್ರ ಇಲಿಯಿಲ್ಲದೆಯೂ ಕೂತಿತು.

ಪ್ರಾಣಿಗಳಿಗೆ ಬಂದಾಗ

ಮೊದಲ ಪ್ರಶ್ನೆ: ಎಣಿಕೆಯ ಘಟಕ ಯಾವುದು? ಕಾಲುಬಾಯಿ ಜ್ವರದಲ್ಲಿ ಒಂದು ಕೊಟ್ಟಿಗೆಗೆ ಬಂದರೆ ಅಲ್ಲಿನ ದನಗಳಿಗೆಲ್ಲ ಬಂದ ಹಾಗೇ. ಹಾಗಾಗಿ ಒಂದೊಂದು ದನ ಬಿಟ್ಟು ಇಡೀ ಕೊಟ್ಟಿಗೆಯನ್ನೇ ಒಂದು 'ತಲೆ' ಎಂದು ಎಣಿಸುವುದು ವಾಡಿಕೆ. 2001ರಲ್ಲಿ ಬ್ರಿಟನ್ನಿನಲ್ಲಿ ಈ ರೋಗ ಎದ್ದಾಗ ಫಾರ್ಮನ್ನೇ ಘಟಕವಾಗಿ ಹಿಡಿದ ಮಾದರಿಗಳು ಸರ್ಕಾರಕ್ಕೆ ಸಲಹೆ ಕೊಟ್ಟವು: ರೋಗ ಬಂದ ಫಾರ್ಮಿನದಷ್ಟೇ ಅಲ್ಲ, ಅದಕ್ಕೆ ಅಂಟಿದ ಪಕ್ಕದ ಫಾರ್ಮುಗಳ ಜಾನುವಾರುಗಳನ್ನೂ ಕೊಲ್ಲಬೇಕು ಎಂದು. ಕೊಂದದ್ದು 60 ಲಕ್ಷಕ್ಕೂ ಹೆಚ್ಚು. ಅಷ್ಟು ಬೇಕಿತ್ತೇ ಎಂಬ ಜಗಳ ಪಶುವೈದ್ಯರು ಮತ್ತು ಗಣಿತದವರ ನಡುವೆ ವರ್ಷಗಟ್ಟಲೆ ನಡೆಯಿತು. ನೀವು ಇಂಥದ್ದು ಕಟ್ಟುವುದಾದರೆ ದೂರವನ್ನು ಸೇರಿಸಿ, ಜೊತೆಗೆ ಸಂತೆ ಮತ್ತು ದನದ ಜಾತ್ರೆಗಳನ್ನು ಪ್ರತ್ಯೇಕ ಬಾಣವಾಗಿ ಸೇರಿಸಿ; ಲಾರಿಯಲ್ಲಿ ಹೋದ ಒಂದು ಹೋರಿಗೆ ದೂರದ ಲೆಕ್ಕ ಅನ್ವಯಿಸುವುದಿಲ್ಲ.

ಬಾಣದ ಪಾಠವನ್ನು ಇದಕ್ಕಿಂತ ಚೆನ್ನಾಗಿ ಹೇಳಿಕೊಡುವುದು ನಮ್ಮ ಮಲೆನಾಡಿನದೇ ರೋಗ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಗುರುತಿಸಿದ ಮಂಗನ ಕಾಯಿಲೆ. ಚಿತ್ರ ಬರೆಯಿರಿ: ಕಾಡಿನ ಇಲಿಯಂಥ ಸಣ್ಣ ಪ್ರಾಣಿಗಳು ಒಂದು ಡಬ್ಬ, ಮಂಗ ಮತ್ತು ಮುಸುವ ಇನ್ನೊಂದು, ಉಣುಗು ಮೂರು ಡಬ್ಬ (ಮೊಟ್ಟೆಯೊಡೆದ ಮರಿ, ಎಳೆಯದು, ಬಲಿತದ್ದು), ದನ ಒಂದು, ಮನುಷ್ಯ ಒಂದು. ಉಣುಗಿನಿಂದ ಮಂಗಕ್ಕೆ ಬಾಣ, ಮಂಗದಿಂದ ಉಣುಗಿಗೆ ವಾಪಸ್ ಬಾಣ. ಸತ್ತ ಮಂಗದ ಮೈಯಿಂದ ಉಣುಗುಗಳು ನೆಲಕ್ಕಿಳಿದು ಆ ಜಾಗವೇ ರೋಗದ ಗುಂಡಿಯಾಗುತ್ತದೆ. ದನದಿಂದ ಬಲಿತ ಉಣುಗಿಗೆ ರಕ್ತದೂಟದ ಬಾಣ: ಸಂಖ್ಯೆ ಹೆಚ್ಚುವುದು ಇಲ್ಲಿ. ಎಳೆ ಉಣುಗಿನಿಂದ ಮನುಷ್ಯನಿಗೆ ಒಂದು ಬಾಣ. ಮನುಷ್ಯನಿಂದ ಹೊರಕ್ಕೆ?

ಒಂದೂ ಇಲ್ಲ. ಮನುಷ್ಯನಿಂದ ಮನುಷ್ಯನಿಗೆ ಇದು ಹರಡುವುದಿಲ್ಲ. ಹಾಗಾಗಿ ನಾಲ್ಕನೇ ಹೆಜ್ಜೆಯ 'ಇಷ್ಟು ಜನಕ್ಕೆ ಲಸಿಕೆ ಹಾಕಿದರೆ ಉಳಿದವರೂ ಬಚಾವ್' ಎಂಬ ಸೂತ್ರ ಇಲ್ಲಿ ನಡೆಯುವುದಿಲ್ಲ. ಊರಿನ ನೂರಕ್ಕೆ ತೊಂಬತ್ತು ಜನ ಲಸಿಕೆ ಪಡೆದರೂ ಉಳಿದ ಹತ್ತು ಜನ ಸೌದೆಗೆ, ತರಗೆಲೆಗೆ ಕಾಡಿಗೆ ಹೋದರೆ ಅವರ ಅಪಾಯ ಎಳ್ಳಷ್ಟೂ ಇಳಿಯುವುದಿಲ್ಲ. ಈ ಮಾದರಿಯಲ್ಲಿ ಮನುಷ್ಯರ ಲೆಕ್ಕಕ್ಕೆ ಬೇಕಾದದ್ದು ಕಾಡಿಗೆ ಹೋಗುವವರ ಸಂಖ್ಯೆ, ಎಳೆ ಉಣುಗು ಹೆಚ್ಚಿರುವ ತಿಂಗಳು (ಡಿಸೆಂಬರಿನಿಂದ ಮೇವರೆಗೆ), ಅದರಲ್ಲಿ ಸೋಂಕಿನದು ಎಷ್ಟು, ಮತ್ತು ಉಣುಗು ಹತ್ತದಂತೆ ಡೇಪಾ ತೈಲ ಹಚ್ಚಿಕೊಂಡವರು ಎಷ್ಟು ಎಂಬುದು. ಮಂಗ ಸತ್ತ ಜಾಗದ ನಕ್ಷೆ ಇದ್ದರೆ ಅದು ಎಲ್ಲಕ್ಕಿಂತ ದೊಡ್ಡ ಆಸ್ತಿ.

ಗಿಡಕ್ಕೆ ಬಂದಾಗ: ಕೊಳೆರೋಗದ ಲೆಕ್ಕ

ಗಿಡ ಓಡಾಡುವುದಿಲ್ಲ, ಗುಣವಾಗುವುದೂ ಅಪರೂಪ. ಕೊಳೆತ ಅಡಿಕೆ ಉದುರಿತೆಂದರೆ ಉದುರಿತು. ಹಾಗಾಗಿ ಆರ್ ಡಬ್ಬ ತೆಗೆದುಹಾಕಿ. ಉಳಿಯುವುದು ಒಂದೇ ಸಂಖ್ಯೆ: ಎಷ್ಟು ಪಾಲು ಕೊನೆಗಳಿಗೆ (ಅಡಿಕೆಯ ಗೊಂಚಲುಗಳಿಗೆ) ರೋಗ ಬಂದಿದೆ. ದಕ್ಷಿಣ ಆಫ್ರಿಕಾದ ವ್ಯಾಂಡರ್‌ಪ್ಲ್ಯಾಂಕ್ 1963ರಲ್ಲಿ ಗಿಡಗಳ ರೋಗಕ್ಕೆ ಇದನ್ನೇ ಬಳಸಿ ತೋರಿಸಿದರು. ಏರಿಕೆ = ದರ × ರೋಗ ಬಂದ ಪಾಲು × ರೋಗ ಬಾರದ ಪಾಲು.

ಅಡಿಕೆ ಕೊಳೆಯ ಬಗ್ಗೆ ಮೈಸೂರು ಸಂಸ್ಥಾನದಲ್ಲಿ ವೈಜ್ಞಾನಿಕವಾಗಿ ಮೊದಲು ಕೆಲಸ ಮಾಡಿದವರಲ್ಲಿ ಕೆನಡಾದಿಂದ ಬಂದ ಲೆಸ್ಲಿ ಕೋಲ್ಮನ್ ಒಬ್ಬರು. ಅವರ 1910ರ ವರದಿಯ ಹೆಸರಿನಲ್ಲೂ ಇದ್ದ ಪದ 'ಕೊಳೆರೋಗ'ವೇ. ಕನ್ನಡದ ಪದ ಇಂಗ್ಲಿಷ್ ವಿಜ್ಞಾನಕ್ಕೆ ಹೋದ ಕೆಲವೇ ಉದಾಹರಣೆಗಳಲ್ಲಿ ಇದೊಂದು, ಹೆಮ್ಮೆಪಡಬೇಕೋ ಬೇಡವೋ ಗೊತ್ತಾಗದಂಥದ್ದು.

ಲೆಕ್ಕಕ್ಕೆಂದು ಅಂಕಿಗಳನ್ನು ಊಹಿಸಿಕೊಳ್ಳೋಣ. 1,000 ಕೊನೆಯಲ್ಲಿ ಇಂದು 10ಕ್ಕೆ ಕೊಳೆ, ಹತ್ತು ದಿನ ಬಿಟ್ಟು 80ಕ್ಕೆ. ಪ್ರತಿ ಎಣಿಕೆಗೂ 'ರೋಗ ಬಂದದ್ದು ಭಾಗಿಸು ಬಾರದ್ದು' ತೆಗೆದು ನ್ಯಾಚುರಲ್ ಲಾಗ್ ಹಾಕಿ: ಮೊದಲನೆಯದು -4.595, ಎರಡನೆಯದು -2.442. ವ್ಯತ್ಯಾಸ 2.153, ಹತ್ತು ದಿನದಿಂದ ಭಾಗಿಸಿದರೆ ದಿನಕ್ಕೆ 0.215. ಇದು ನಿಮ್ಮ ತೋಟದ ದರ. ಇದೇ ದರದಲ್ಲಿ ಹೋದರೆ ಅರ್ಧ ತೋಟ ಕೊಳೆಯಲು ಮೊದಲ ಎಣಿಕೆಯಿಂದ 21 ದಿನ.

ಎರಡು ಉಪಾಯ ಹೋಲಿಸಿ. ಒಂದು, ಕೊಳೆತ ಕೊನೆಗಳನ್ನು ಇಳಿಸಿ, ಉದುರಿದ್ದನ್ನು ಗುಡಿಸಿ, ರೋಗದ ಮೂಲವನ್ನು ಹತ್ತರಲ್ಲಿ ಒಂದು ಪಾಲಿಗೆ ತರುವುದು. 10ರ ನ್ಯಾಚುರಲ್ ಲಾಗ್ 2.303, ಅದನ್ನು 0.215ರಿಂದ ಭಾಗಿಸಿದರೆ ಸುಮಾರು 11 ದಿನ. ಅಷ್ಟು ಬೆವರು ಸುರಿಸಿ ಗಳಿಸಿದ್ದು 11 ದಿನದ ವಾಯಿದೆ ಮಾತ್ರ. ಎರಡು, ಬೋರ್ಡೋ (ಮೈಲುತುತ್ತ-ಸುಣ್ಣದ ದ್ರಾವಣ) ಹೊಡೆದು ಅಥವಾ ಕೊನೆಗೆ ಮಳೆ ತಾಗದಂತೆ ಕೊಟ್ಟೆ ಕಟ್ಟಿ ದರವನ್ನೇ ಅರ್ಧ ಮಾಡುವುದು. ಆಗ 21 ದಿನ 43 ಆಗುತ್ತದೆ. ಎರಡೂ ಮಾಡಿದರೆ 64ರ ಹತ್ತಿರ, ಯಾಕೆಂದರೆ ದರ ಇಳಿದ ಮೇಲೆ ಶುಚಿ ಮಾಡಿ ಗಳಿಸುವ ದಿನಗಳೂ ಇಮ್ಮಡಿ. ಮಳೆ ಹಿಡಿದ ಕಾಲದಲ್ಲಿ ಇದು ಬೆಳೆ ಉಳಿಯುವುದಕ್ಕೂ ಹೋಗುವುದಕ್ಕೂ ನಡುವಿನ ಅಂತರ.

ಶೇ 1ರ ಬೋರ್ಡೋ, ಅಂದರೆ 100 ಲೀಟರ್ ನೀರಿಗೆ ಒಂದು ಕೆಜಿ ಮೈಲುತುತ್ತ, ಒಂದು ಕೆಜಿ ಸುಣ್ಣ; ಮುಂಗಾರು ಹಿಡಿಯುವ ಮುಂಚೆ ಒಂದು ಸಲ, 40–45 ದಿನಕ್ಕೆ ಇನ್ನೊಂದು ಸಲ ಎಂಬುದು ನಮ್ಮಲ್ಲಿ ಎಲ್ಲರಿಗೂ ಬಾಯಿಪಾಠ. ಮಾದರಿಯಲ್ಲಿ ಇದನ್ನು ತೋರಿಸಲು ದರದ ಕೋಶ ಒಂದಿದ್ದರೆ ಸಾಲದು. ದಿನಕ್ಕೊಂದು ದರ ಬೇಕು. ಔಷಧಿ ಹೊಡೆದ ದಿನ ಇಳಿದು, ಮಳೆಗೆ ತೊಳೆದುಹೋದಂತೆ ಮೆಲ್ಲಗೆ ಏರುವ ಕಾಲಂ ಮಾಡಿ. ಮಳೆ-ಬಿಸಿಲು ಬೆರೆತು ಬರುವ ದಿನಗಳಲ್ಲಿ ದರ ಹೆಚ್ಚಿಡಿ, ಒಣ ದಿನಕ್ಕೆ ಸೊನ್ನೆಯ ಹತ್ತಿರ. ಸೋಂಕು ತಗುಲಿದ ಕಾಯಿ ಕೊಳೆ ತೋರಿಸಲು ಕೆಲವು ದಿನ ಬೇಕು, ಆದ್ದರಿಂದ ಇಂದು ಕಾಣುವ ಎಣಿಕೆ ಕೆಲವು ದಿನ ಹಿಂದಿನ ಮಳೆಯ ಫಲ.

ಈ ಜೂನ್‌ಗೆ ಮೂರು ಕಾಲಂ ಸಾಕು: ದಿನಾಂಕ, ಮಳೆ ಎಷ್ಟು ಮಿಲಿಮೀಟರ್, ಗುರುತು ಹಾಕಿದ ನೂರು ಮರದಲ್ಲಿ ಕೊಳೆ ಕಂಡ ಕೊನೆ ಎಷ್ಟು. ಮರ ಆರಿಸುವಾಗ ರಸ್ತೆ ಬದಿಯ ಸಾಲನ್ನೇ ಹಿಡಿಯಬೇಡಿ, ಗಾಳಿ ಆಡದ ತಗ್ಗಿನ ಸಾಲೂ ಇರಲಿ. ಎಣಿಕೆ ಮೊದಲ ಕೊಳೆ ಕಂಡ ದಿನವೇ ಶುರುವಾಗಬೇಕು. ನೂರಕ್ಕೆ ಇಪ್ಪತ್ತು ಕೊನೆಗೆ ಬಂದ ಮೇಲೆ ಎಣಿಸಿದರೆ ದರವೇನೋ ಸಿಗುತ್ತದೆ, ಔಷಧಿ ಹೊಡೆಯಲು ದಿನ ಸಿಗುವುದಿಲ್ಲ.